ಜೇಬಿನೊಳಗಿನ ಚಲಚ್ಚಿತ್ರ

ಹೊಸಪೇಟೆಯ ಬಳಿಯಿರುವ ತುಂಗಭದ್ರಾ ಅಣೆಕಟ್ಟಿಗೆ ೩೩ ಗೇಟುಗಳುಂಟು. ೨೦೨೪ನೆಯ ಇಸವಿಯ ಆಗಸ್ಟ್ ೧೦ರ ರಾತ್ರಿ ಇವುಗಳಲ್ಲಿ ೧೯ನೆಯದರ ಸರಪಳಿ ಕಡಿದು, ಗೇಟು ನೀರಿನ ಸೆಳೆತಕ್ಕೆ ಕೊಚ್ಚಿಹೋಯಿತು. ಆ ಕಿಂಡಿಯಿಂದ ಭೋರ್ಗರೆದು ಧುಮುಕುತ್ತಿದ್ದ ನೀರಿನ ಚಲಚ್ಚಿತ್ರಗಳು ಬಹುಬೇಗ ಊರಿಂದೂರಿಗೆ, ಮೊಬೈಲಿನಿಂದ ಮೊಬೈಲಿಗೆ ಹಾದುಹೋದುವು. ನದಿಯ ಕೆಳಭಾಗದಲ್ಲಿರುವ ಕಂಪ್ಲಿಯಂತಹ ಊರುಗಳವರಿಗೆ ಅದು ಬರಿಯ ಕುತೂಹಲದ ನೋಟವಾಗಿರಲಿಲ್ಲ. ಸೇತುವೆ ಮುಳುಗುವುದೋ ಇಲ್ಲವೋ, ಎರಡನೆಯ ಬೆಳೆಗೆ ನೀರು ಉಳಿಯುವುದೋ ಇಲ್ಲವೋ ಎಂಬ ಆತಂಕದಿಂದಲೇ ಅವರು ಅವನ್ನು ನೋಡಿದರು. ಹಾಗೆ ನೋಡಿದವರಲ್ಲಿ ಕೆಲವರಿಗಾದರೂ ಒಂದು ವೈಚಿತ್ರ್ಯ ಕಂಡಿರಬೇಕು. ಅಣೆಕಟ್ಟಿನ ಗೋಡೆ, ಆಕಾಶ, ಮೇಲಣ ಕಂಬಗಳು ತಕ್ಕಮಟ್ಟಿಗೆ ಸ್ಪಷ್ಟವಾಗಿದ್ದರೂ, ಯಾವುದನ್ನು ನೋಡಬೇಕೆಂದು ಚಿತ್ರವನ್ನು ತೆರೆದರೋ ಆ ನೀರು ಮಾತ್ರ ಚೌಕ ಚೌಕವಾಗಿ ಒಡೆದು, ಕಲಸಿದ ಸುಣ್ಣದಂತೆ ಕಾಣುತ್ತಿತ್ತು. ಅದೇ ಮೊಬೈಲಿನಿಂದ ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಚಿತ್ರಿಸಿ ಕಳುಹಿಸಿದರೆ, ರಥದ ಮುಂದಣ ಆನೆಗಳೂ ಗಾಲಿಗಳ ಮೇಲಿನ ಹೂಬಳ್ಳಿಯೂ ಅಷ್ಟಾಗಿ ಕೆಡುವುದಿಲ್ಲ.

ಇದೇಕೆ ಹೀಗೆ? ಯಂತ್ರವೊಂದೇ, ಕಳುಹಿಸುವ ಮಾರ್ಗವೂ ಒಂದೇ. ಹೀಗಿರಲು ಕಲ್ಲಿಗೊಂದು ನ್ಯಾಯ, ನೀರಿಗೊಂದು ನ್ಯಾಯವೇಕೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದರೆ, ಅಂಗೈಯಲ್ಲಿ ಹಿಡಿಯುವ ಚಿತ್ರಯಂತ್ರಗಳಿಗೆ ಚಲಚ್ಚಿತ್ರವನ್ನು ಯಾವ ರೂಪದಲ್ಲಿ ಅಡಕಮಾಡಬೇಕೆಂಬ ವಿಷಯವೆಲ್ಲವೂ ತಾನಾಗಿ ಬಿಡಿಸಿಕೊಳ್ಳುವುದು.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಈಗಿನ ಸಾಮಾನ್ಯ ಮೊಬೈಲು ತೆಗೆಯುವ ಚಲಚ್ಚಿತ್ರದ ಒಂದೊಂದು ಚೌಕಟ್ಟಿನಲ್ಲಿಯೂ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿರುವುವು, ಒಟ್ಟು ೨೦,೭೩,೬೦೦. ಒಂದು ಬಿಂದುವಿನ ಬಣ್ಣವನ್ನು ಕೆಂಪು, ಹಸುರು, ನೀಲಿಗಳೆಂಬ ಮೂರು ಅಂಶಗಳಿಂದ ಹೇಳುವುದು ವಾಡಿಕೆ. ಒಂದೊಂದಕ್ಕೆ ೮ ಬಿಟ್ಟುಗಳಂತೆ ೨೪ ಬಿಟ್ಟುಗಳು ಬೇಕು. ಸೆಕೆಂಡಿಗೆ ೩೦ ಚೌಕಟ್ಟುಗಳು ಕಣ್ಣ ಮುಂದೆ ಹಾಯಬೇಕು. ಇವನ್ನೆಲ್ಲ ಗುಣಿಸಿದರೆ ಒಂದು ಸೆಕೆಂಡಿನ ಚಿತ್ರಕ್ಕೆ ೧೪೯ ಕೋಟಿಗೂ ಹೆಚ್ಚು ಬಿಟ್ಟುಗಳು, ಒಂದು ನಿಮಿಷಕ್ಕೆ ಸುಮಾರು ೧೧ ಗಿಗಾಬೈಟುಗಳು ಬೇಕಾಗುವುವು. ೩೨ ಗಿಗಾಬೈಟಿನ ಮೆಮೊರಿ ಕಾರ್ಡು ಮೂರು ನಿಮಿಷ ತುಂಬುವುದರೊಳಗೆ ತುಂಬಿಹೋಗುವುದು! ಆದರೆ ಅದೇ ಕಾರ್ಡಿನಲ್ಲಿ ಗಂಟೆಗಟ್ಟಲೆಯ ಚಿತ್ರಗಳು ಹಿಡಿಯುವುದನ್ನು ನಾವೆಲ್ಲ ಬಲ್ಲೆವು. ಮೊಬೈಲು ಬರೆದಿಡುವುದು ಸೆಕೆಂಡಿಗೆ ಹೆಚ್ಚುಕಡಮೆ ೧ ಕೋಟಿ ೭೦ ಲಕ್ಷ ಬಿಟ್ಟುಗಳನ್ನು ಮಾತ್ರ. ಎಂದರೆ ೮೮ ಪಾಲಿನಲ್ಲಿ ಒಂದು ಪಾಲನ್ನು ಇಟ್ಟುಕೊಂಡು, ಮಿಕ್ಕ ೮೭ ಪಾಲನ್ನು ಅದು ಬಿಟ್ಟಿದೆ. ಇಷ್ಟನ್ನು ಕಳೆದುಕೊಂಡೂ ಚಿತ್ರ ಚಿತ್ರವಾಗಿಯೇ ಉಳಿಯುವುದೆಂದರೆ, ಏನನ್ನು ಬಿಡಬೇಕೆಂಬುದನ್ನು ಯಾರೋ ಬಹು ಜಾಣತನದಿಂದ ಯೋಚಿಸಿರಬೇಕು.

ಮೊದಲನೆಯ ಉಳಿತಾಯ ನಮ್ಮ ಕಣ್ಣಿನ ದೌರ್ಬಲ್ಯದಿಂದ ಒದಗುವುದು. ಬೆಳಕು-ನೆರಳುಗಳ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವುದರಲ್ಲಿ ಕಣ್ಣು ಎಷ್ಟು ಚುರುಕೋ, ಬಣ್ಣದ ಅಂಚುಗಳನ್ನು ಗುರುತಿಸುವುದರಲ್ಲಿ ಅಷ್ಟು ಚುರುಕಲ್ಲ. ಆದುದರಿಂದ ಪ್ರತಿಯೊಂದು ಬಿಂದುವಿನ ಬೆಳಕನ್ನು ಬಿಡದೆ ಬರೆದಿಟ್ಟು, ಬಣ್ಣವನ್ನು ಮಾತ್ರ ನಾಲ್ಕು ಬಿಂದುಗಳಿಗೆ ಒಂದರಂತೆ ಬರೆಯುತ್ತಾರೆ. ನಾಲ್ಕು ಬಿಂದುಗಳಿಗೆ ೧೨ ಸಂಖ್ಯೆಗಳು ಬೇಕಾಗಿದ್ದಲ್ಲಿ ೬ ಸಾಕಾಗುವುವು. ಅರ್ಧದಷ್ಟು ಭಾರ ಯಾರಿಗೂ ತಿಳಿಯದಂತೆ ಇಳಿದಂತಾಯಿತು. ಯಾರಿಗೂ ತಿಳಿಯದಂತೆ ಎಂದೆನಾದರೂ ಇದಕ್ಕೆ ಅಪವಾದವುಂಟು. ಸಂಡೂರಿನ ಲಂಬಾಣಿ ಕಸೂತಿಯನ್ನು ಹತ್ತಿರದಿಂದ ಚಿತ್ರಿಸಿ ನೋಡಿ. ಗಾಢ ನೀಲಿಯ ಬಟ್ಟೆಯ ಮೇಲೆ ಕೆಂಪು ದಾರದ ತೆಳುವಾದ ಹೊಲಿಗೆ, ಎರಡರ ಹೊಳಪೂ ಹೆಚ್ಚುಕಡಮೆ ಒಂದೇ, ವ್ಯತ್ಯಾಸವಿರುವುದೆಲ್ಲ ಬಣ್ಣದಲ್ಲಿ. ಅಂತಹಲ್ಲಿ ದಾರದ ಅಂಚು ಒದ್ದೆ ಬಟ್ಟೆಯಲ್ಲಿ ಬಣ್ಣ ಬಿಟ್ಟಂತೆ ಹರಡಿಕೊಂಡು ಕಾಣುವುದು. ದೋಷ ಕಸೂತಿಯದೂ ಅಲ್ಲ, ಮಸೂರದ್ದೂ ಅಲ್ಲ.

ಎರಡನೆಯ ಉಳಿತಾಯ ಗಣಿತದ್ದು. ಇದರ ಕಥೆಯಲ್ಲಿ ಕನ್ನಡ ನಾಡಿನವರೊಬ್ಬರ ಹೆಸರು ಬರುವುದರಿಂದ ಇಲ್ಲಿ ತುಸು ನಿಂತು ನೋಡುವುದು ಉಚಿತ. ನಾಸಿರ್ ಅಹಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂದು ವಿಶ್ವೇಶ್ವರಯ್ಯನವರ ಹೆಸರಿನಿಂದ ಪ್ರಸಿದ್ಧವಾಗಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ೧೯೬೧ರಲ್ಲಿ ಪದವಿಯನ್ನು ಪಡೆದು ಅಮೆರಿಕಕ್ಕೆ ತೆರಳಿದರು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ಚಿತ್ರವನ್ನು ಅಲೆಗಳ ಮೊತ್ತವನ್ನಾಗಿ ಬಿಡಿಸುವ ಒಂದು ಹೊಸ ವಿಧಾನ ಅವರಿಗೆ ಹೊಳೆಯಿತು. ಅದರ ಅಧ್ಯಯನಕ್ಕಾಗಿ ೧೯೭೨ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವನ್ನು ಕೋರಿದರು; ನೆರವು ದೊರೆಯಲಿಲ್ಲ. ಆದರೂ ಕೆಲಸವನ್ನು ಕೈಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಎಂಬವರ ಜೊತೆಗೂಡಿ ೧೯೭೪ರ ಜನವರಿಯಲ್ಲಿ ಕೆಲವೇ ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಪರಿವರ್ತನೆಯೆಂದು ಹೆಸರಾದ ಆ ವಿಧಾನವಿಲ್ಲದಿದ್ದರೆ ಇಂದಿನ ಮೊಬೈಲು ಈಗಿರುವಂತೆ ಇರುತ್ತಿರಲಿಲ್ಲವೆಂದರೆ ಅತ್ಯುಕ್ತಿಯಲ್ಲ. ಜೇಪೆಗ್ ಛಾಯಾಚಿತ್ರವೂ, ಎಂಪೆಗ್ ಚಲಚ್ಚಿತ್ರವೂ, ತುಸು ಮಾರ್ಪಟ್ಟ ರೂಪದಲ್ಲಿ ಎಂಪಿ೩ ಸಂಗೀತವೂ ಅದರ ಮೇಲೆಯೇ ನಿಂತಿವೆ.

ಆ ವಿಧಾನದ ತಿರುಳು ಇದು. ಚಿತ್ರವನ್ನು ಅಡ್ಡ ೮, ಉದ್ದ ೮ ಬಿಂದುಗಳ ಚಿಕ್ಕ ಚಿಕ್ಕ ಚೌಕಗಳಾಗಿ ವಿಭಾಗಿಸಬೇಕು. ಒಂದು ಚೌಕದಲ್ಲಿ ೬೪ ಬಿಂದುಗಳು, ಆದುದರಿಂದ ಬೆಳಕನ್ನು ಹೇಳುವ ೬೪ ಸಂಖ್ಯೆಗಳು. ಇವುಗಳ ಬದಲಾಗಿ, ಆ ಚೌಕದಲ್ಲಿ ನಿಧಾನವಾಗಿ ಬದಲಾಗುವ ಬೆಳಕಿನ ಅಂಶ ಎಷ್ಟು, ಬೇಗ ಬೇಗನೆ ಏರಿಳಿಯುವ ಅಂಶ ಎಷ್ಟು ಎಂಬುದನ್ನು ಹೇಳುವ ಬೇರೆ ೬೪ ಸಂಖ್ಯೆಗಳನ್ನು ಗಣಿಸುತ್ತಾರೆ. ಇದರಿಂದ ಆದ ಲಾಭವೇನು, ೬೪ ಹೋಗಿ ೬೪ ಬಂದುವಲ್ಲ ಎಂದು ವಾಚಕರು ಕೇಳಬಹುದು. ಲಾಭವಿದೆ. ಹಂಪೆಯ ಹೆಬ್ಬಂಡೆಯೊಂದರ ಮೈಯನ್ನು ನೆನೆದುಕೊಳ್ಳಿ: ಬಿಸಿಲು ಬಿದ್ದ ಕಡೆಯಿಂದ ನೆರಳಿನ ಕಡೆಗೆ ಬೆಳಕು ಮೆಲ್ಲಮೆಲ್ಲನೆ ಇಳಿಯುತ್ತದೆ. ಅಂತಹ ಚೌಕದಲ್ಲಿ ಮೊದಲ ಎರಡು ಮೂರು ಸಂಖ್ಯೆಗಳು ಮಾತ್ರ ದೊಡ್ಡವಾಗಿದ್ದು, ಮಿಕ್ಕ ಅರುವತ್ತೂ ಸೊನ್ನೆಗೆ ಸಮೀಪದಲ್ಲಿರುವುವು. ಈಗ ಎಲ್ಲವನ್ನೂ ಒಂದು ಗೊತ್ತಾದ ಸಂಖ್ಯೆಯಿಂದ, ೧೦ರಿಂದ ಎಂದಿಟ್ಟುಕೊಳ್ಳೋಣ, ಭಾಗಿಸಿ ಹತ್ತಿರದ ಪೂರ್ಣಾಂಕವನ್ನು ಇಟ್ಟುಕೊಳ್ಳುತ್ತಾರೆ. ೩೭ ಎಂಬುದು ೪ ಆಗುವುದು. ೩ ಎಂಬುದು ಸೊನ್ನೆಯಾಗುವುದು. ಮತ್ತೆ ಬಿಡಿಸುವಾಗ ೪ ಎಂಬುದು ೪೦ ಆಗಿ ಹಿಂದಿರುಗುತ್ತದೆ. ೩೭ಕ್ಕೂ ೪೦ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ತೋರದು. ಸೊನ್ನೆಯಾದುದು ಮಾತ್ರ ಹಿಂದಿರುಗುವುದಿಲ್ಲ. ಸಾಲಾಗಿ ಬಂದ ಸೊನ್ನೆಗಳನ್ನು 'ಇಲ್ಲಿಂದ ಮುಂದೆ ಎಲ್ಲ ಸೊನ್ನೆ' ಎಂಬ ಒಂದೇ ಗುರುತಿನಿಂದ ಬರೆದು ಮುಗಿಸಬಹುದು. ಉಳಿತಾಯವಾಗುವುದು ಇಲ್ಲಿ, ನಷ್ಟವಾಗುವುದೂ ಇಲ್ಲಿಯೇ.

ಆ ನಷ್ಟವನ್ನು ಸಣ್ಣದೆಂದು ತಳ್ಳಿಬಿಡಲಾಗದು. ಮಹಾನವಮಿ ದಿಬ್ಬದ ಗೋಡೆಯ ಮೇಲೆ ಸಾಲು ಸಾಲಾಗಿ ಆನೆ, ಕುದುರೆ, ನರ್ತಕಿಯರ ಉಬ್ಬುಚಿತ್ರಗಳಿವೆಯಷ್ಟೆ. ಮಧ್ಯಾಹ್ನದ ಸಪ್ಪೆ ಬೆಳಕಿನಲ್ಲಿ ಅವುಗಳ ಗೆರೆಗಳು ಬಹು ಮಸುಕಾದ ನೆರಳುಗಳಿಂದ ಮಾತ್ರ ಗೊತ್ತಾಗುವುವು. ಸವೆದ ಶಾಸನದ ಅಕ್ಷರಗಳೂ ಹಾಗೆಯೇ. ಆ ಮಸುಕು ನೆರಳುಗಳು ನೆಲಸಿರುವುದು ಮೇಲೆ ಹೇಳಿದ ೩, ೪ರಂತಹ ಚಿಕ್ಕ ಸಂಖ್ಯೆಗಳಲ್ಲಿ. ಭಾಜಕವನ್ನು ದೊಡ್ಡದು ಮಾಡಿದಷ್ಟೂ ಕಡತ ಚಿಕ್ಕದಾಗುವುದು. ಶಾಸನದ ಅಕ್ಷರವೂ ಮೊದಲು ಅಳಿಸಿಹೋಗುವುದು. ನೋಡುವವನಿಗೆ ಕಲ್ಲು ನುಣ್ಣಗೆ, ಚೆನ್ನಾಗಿಯೇ ಕಾಣುವುದರಿಂದ ಅಲ್ಲಿ ಅಕ್ಷರವಿತ್ತೆಂಬ ಅನುಮಾನವೂ ಅವನಿಗೆ ಬಾರದು.

ಇಷ್ಟೆಲ್ಲವೂ ಒಂದೊಂದು ಚೌಕಟ್ಟಿನ ಒಳಗಿನ ಮಾತು. ಅತಿದೊಡ್ಡ ಉಳಿತಾಯವು ಚೌಕಟ್ಟು ಚೌಕಟ್ಟುಗಳ ನಡುವೆ ಆಗುವಂತಹುದು. ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿರುವುದೂ ಅಲ್ಲಿಯೇ. ಮೂವತ್ತರಲ್ಲೊಂದು ಸೆಕೆಂಡಿನಲ್ಲಿ ಲೋಕ ಎಷ್ಟು ಬದಲಾದೀತು? ಕಲ್ಲಿನ ರಥವಂತೂ ಕದಲದು. ಹಿಂದಿನ ಚೌಕಟ್ಟಿನಲ್ಲಿ ಇದ್ದಂತೆಯೇ ಈ ಚೌಕಟ್ಟಿನಲ್ಲಿಯೂ ಇದೆ ಎಂದು ಒಂದು ಮಾತು ಬರೆದರೆ ಸಾಕು. ಚಿತ್ರ ತೆಗೆಯುವವನು ಯಂತ್ರವನ್ನು ಎಡದಿಂದ ಬಲಕ್ಕೆ ಮೆಲ್ಲನೆ ತಿರುಗಿಸಿದನೆನ್ನಿ. ಆಗಲೂ ಹಿಂದಿನ ಚೌಕಟ್ಟಿನ ಈ ತುಂಡನ್ನು ಇಷ್ಟು ಬಿಂದು ಎಡಕ್ಕೆ ಸರಿಸಿ ಇಲ್ಲಿಡು ಎಂದು ಬರೆದು, ಎಲ್ಲಿಯಾದರೂ ಅಲ್ಪಸ್ವಲ್ಪ ವ್ಯತ್ಯಾಸವುಳಿದರೆ ಅದನ್ನಷ್ಟೆ ಮೇಲೆ ಹೇಳಿದ ಗಣಿತಕ್ಕೆ ಒಪ್ಪಿಸಬಹುದು. ಕಂಪ್ಲಿಯ ಬಳಿ ಹರಿಗೋಲೊಂದು ಹೊಳೆಯನ್ನು ದಾಟುತ್ತಿದ್ದರೆ, ಹರಿಗೋಲು ಸರಿದ ದೂರವನ್ನು ಹೇಳಿದರೆ ಹರಿಗೋಲಿನ ಚಿತ್ರ ಮುಗಿಯಿತು. ಹರಿಗೋಲು ಸರಿಯುತ್ತಾ ತಿರುಗುವುದೂ ಉಂಟಾದುದರಿಂದ ಸ್ವಲ್ಪ ಹೆಚ್ಚು ತೊಡಕು, ಅಷ್ಟೆ.

ಆದರೆ ಅಣೆಕಟ್ಟಿನಿಂದ ಧುಮುಕುವ ನೀರಿನಲ್ಲಿ ಏನನ್ನು ಎಲ್ಲಿಗೆ ಸರಿಸುವುದು? ಈ ಕ್ಷಣ ಕಂಡ ನೊರೆಯ ಆಕಾರ ಮರುಕ್ಷಣದಲ್ಲಿ ಇಲ್ಲ. ಅದು ಒಡೆದು ಬೇರೆಯೇ ಆಗಿದೆ. ಹಿಂದಿನ ಚೌಕಟ್ಟಿನಲ್ಲಿ ಎಷ್ಟು ಹುಡುಕಿದರೂ ಅದಕ್ಕೆ ಜೋಡಿ ಸಿಕ್ಕದು. ಆದುದರಿಂದ ಪ್ರತಿ ಚೌಕಟ್ಟಿನಲ್ಲಿಯೂ ನೀರನ್ನು ಹೊಸದಾಗಿಯೇ ಬರೆಯಬೇಕಾಗುವುದು. ಬರೆಯಲು ದೊರೆತಿರುವ ಬಿಟ್ಟುಗಳಾದರೋ ಮಿತವಾದುವು. ಆಗ ಯಂತ್ರವು ಭಾಜಕವನ್ನು ಏರಿಸುತ್ತ ಹೋಗಿ, ಕೊನೆಗೆ ಒಂದೊಂದು ಚೌಕಕ್ಕೂ ಒಂದೆರಡು ಸಂಖ್ಯೆಗಳನ್ನಷ್ಟೇ ಉಳಿಸಿಕೊಳ್ಳುವುದು. ನಮಗೆ ಕಂಡ ಕಲಸಿದ ಸುಣ್ಣ ಇದೇ. ಸಂಡೂರಿನ ಬೆಟ್ಟಗಳಲ್ಲಿ ಮಳೆಗಾಲದ ಗಾಳಿಗೆ ಲಕ್ಷಾಂತರ ಎಲೆಗಳು ಒಂದೊಂದು ಒಂದೊಂದು ಕಡೆಗೆ ಅಲುಗುವಾಗಲೂ ಇದೇ ಪಾಡು. ಲಂಬಾಣಿ ಉಡುಪಿನ ಕನ್ನಡಿಗಳು ನರ್ತನದಲ್ಲಿ ಮಿಂಚುವಾಗಲೂ ಇದೇ.

ಇನ್ನೊಂದು ಶತ್ರುವಿದೆ, ಅದು ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾದುದು. ಬೆಳಕು ಕಡಮೆಯಾದಲ್ಲಿ ಕ್ಯಾಮೆರಾದ ಸಂವೇದಕವು ಇಲ್ಲದ ಚುಕ್ಕೆಗಳನ್ನು ಮರಳು ಎರಚಿದಂತೆ ಚಿತ್ರದ ಮೇಲೆ ತಾನೇ ಹುಟ್ಟಿಸುತ್ತದೆ. ಅವು ಪ್ರತಿ ಚೌಕಟ್ಟಿನಲ್ಲಿಯೂ ಬೇರೆ ಬೇರೆ. ಹಂಪೆಯ ವಿರೂಪಾಕ್ಷ ದೇವಾಲಯದ ಒಳಗೆ ಚಿಕ್ಕದೊಂದು ರಂಧ್ರದ ಮೂಲಕ ರಾಯಗೋಪುರದ ಬಿಂಬ ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಅನೇಕರು ಕಂಡಿರಬಹುದು. ಮಸೂರವಿಲ್ಲದ ಕ್ಯಾಮೆರಾ ಅದು; ಒಂದು ಬಿಂದುವನ್ನಾದರೂ ಅಡಕಮಾಡದ ಚಿತ್ರ ಕೂಡ. ಆ ಬಿಂಬವನ್ನು ಮೊಬೈಲಿನಿಂದ ಚಿತ್ರಿಸಿದರೆ, ಗೋಪುರ ಕದಲದಿದ್ದರೂ ಕತ್ತಲೆಯ ಚುಕ್ಕೆಗಳೇ ಬಿಟ್ಟುಗಳನ್ನೆಲ್ಲ ನುಂಗಿಬಿಡುವುವು. ರಾತ್ರಿಯೆಲ್ಲ ನಡೆಯುವ ಬಯಲಾಟವನ್ನು ಚಿತ್ರಿಸುವವರಿಗೆ ಇದು ದಿನದಿನದ ತೊಂದರೆ. ಎರಡು ದೀಪಗಳನ್ನು ಹೆಚ್ಚಾಗಿ ಹಚ್ಚುವುದು, ಬೆಲೆಯುಳ್ಳ ಯಾವ ಹೊಸ ಸಂಕೋಚನ ವಿಧಾನಕ್ಕಿಂತಲೂ ಹೆಚ್ಚಿನ ಫಲವನ್ನು ಕೊಡುವುದು.

ಇನ್ನು ಹೆಸರುಗಳ ಗೊಂದಲವನ್ನು ನೋಡೋಣ. ಎಂಪಿ೪, ಎವಿಐ, ಎಂಕೆವಿ, ೩ಜಿಪಿ ಎಂದು ಕಡತದ ಹೆಸರಿನ ಬಾಲದಲ್ಲಿ ಕಾಣುವುವೆಲ್ಲ ಸಂಕೋಚನದ ವಿಧಾನಗಳೆಂದೇ ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. ಅವು ಲಕೋಟೆಗಳು. ಒಳಗಿನ ಕಾಗದ ಯಾವ ಭಾಷೆಯಲ್ಲಿದೆಯೆಂಬುದನ್ನು ಲಕೋಟೆ ಹೇಳದು. ಆ ಭಾಷೆಯನ್ನು ಕೊಡೆಕ್ ಎನ್ನುವರು. ಒಂದೇ ಎಂಪಿ೪ ಲಕೋಟೆಯೊಳಗೆ ಎಚ್.೨೬೪ ಎಂಬ ಭಾಷೆಯೂ ಇರಬಹುದು, ಎಚ್.೨೬೫ ಎಂಬುದೂ ಇರಬಹುದು. ಧ್ವನಿಗಂತೂ ಬೇರೆಯೇ ಒಂದು ಭಾಷೆಯುಂಟು. ಹೊಸ ಮೊಬೈಲಿನಿಂದ ಬಂದ ಚಿತ್ರವನ್ನು ಹಳೆಯ ಯಂತ್ರದಲ್ಲಿ ಹಾಕಿದಾಗ ಮಾತು ಕೇಳಿಸಿ ಚಿತ್ರ ಮಾತ್ರ ಕಾಣದಿರುವ ಅನುಭವ ಹಲವರಿಗೆ ಆಗಿರಬಹುದು. ಲಕೋಟೆ ಬಿಚ್ಚಿತು, ಧ್ವನಿಯ ಭಾಷೆ ತಿಳಿಯಿತು, ಚಿತ್ರದ ಭಾಷೆ ತಿಳಿಯಲಿಲ್ಲವೆಂದು ಇದರ ಅರ್ಥ. ಯಂತ್ರ ಕೆಟ್ಟಿದೆಯೆಂದು ದುರಸ್ತಿಗೆ ಕೊಟ್ಟವರೂ ಇಲ್ಲದಿಲ್ಲ.

ಈ ಭಾಷೆಗಳಿಗೆ ಒಂದು ವಂಶಾವಳಿ ಇದೆ. ೧೯೯೩ರ ಎಂಪೆಗ್-೧ ನಮ್ಮ ಊರುಗಳಿಗೆ ಬಂದುದು ವಿಸಿಡಿ ಬಿಲ್ಲೆಗಳ ಮೂಲಕ. ೩೫೨ ಅಡ್ಡ ೨೮೮ ಬಿಂದುಗಳ ಚಿತ್ರಕ್ಕೆ ಸೆಕೆಂಡಿಗೆ ೧೧ ಲಕ್ಷ ೫೦ ಸಾವಿರ ಬಿಟ್ಟುಗಳಂತೆ ಬರೆದು, ಒಂದು ಬಿಲ್ಲೆಯಲ್ಲಿ ಸುಮಾರು ೭೪ ನಿಮಿಷಗಳನ್ನು ತುಂಬುತ್ತಿದ್ದರು. ಕನ್ನಡ ಚಿತ್ರವೊಂದಕ್ಕೆ ಎರಡೋ ಮೂರೋ ಬಿಲ್ಲೆಗಳಾಗುತ್ತಿದ್ದುವು. ಅನಂತರ ಡಿವಿಡಿಯ ಎಂಪೆಗ್-೨ ಬಂದಿತು. ಜೇಬಿನ ಯಂತ್ರಗಳಿಗೆ ಇವೆರಡೂ ಭಾರವಾದುವು. ಅಲ್ಲಿ ಮೊದಲು ನೆಲೆಯೂರಿದುದು ಎಚ್.೨೬೩, ಗುಂಡಿಯೊತ್ತುವ ಮೊಬೈಲುಗಳ ಕಾಲದಲ್ಲಿ ೩ಜಿಪಿ ಲಕೋಟೆಯೊಳಗೆ ೧೭೬ ಅಡ್ಡ ೧೪೪ ಬಿಂದುಗಳ ಪುಟಾಣಿ ಚಿತ್ರಗಳಾಗಿ ಹರಿದಾಡಿದುದು ಅದೇ. ಅಗ್ಗದ ಸಂಗೀತ ಯಂತ್ರಗಳಲ್ಲಿ ಎಎಂವಿ ಎಂಬ ಇನ್ನೊಂದು ವಿಚಿತ್ರ ರೂಪವಿದ್ದಿತು. ಅವುಗಳ ಚಿಪ್ಪಿಗೆ ಹಿಂದಿನ ಚೌಕಟ್ಟನ್ನು ನೆನಪಿಟ್ಟುಕೊಂಡು ಸರಿಸುವಷ್ಟು ಶಕ್ತಿಯಿರಲಿಲ್ಲ. ಆದಕಾರಣ ಒಂದೊಂದು ಚೌಕಟ್ಟನ್ನೂ ಬಿಡಿ ಛಾಯಾಚಿತ್ರವೆಂಬಂತೆ ಬರೆಯುತ್ತಿದ್ದರು. ಚಿತ್ರ ಅಂಚೆಚೀಟಿಯಷ್ಟು, ಕಡತ ಮಾತ್ರ ದೊಡ್ಡದು! ೧೯೯೯ರ ಎಂಪೆಗ್-೪ ಎಂಬುದು ಡಿವ್‌ಎಕ್ಸ್ ಎಂಬ ಹೆಸರಿನಿಂದ ಗಣಕಗಳಲ್ಲಿ ಮೆರೆಯಿತು.

೨೦೦೩ರಲ್ಲಿ ಎಚ್.೨೬೪ ಬಂದಾಗ ಪರಿಸ್ಥಿತಿ ಬದಲಾಯಿತು. ಹಿಂದಿನ ಒಂದೇ ಚೌಕಟ್ಟನ್ನಲ್ಲದೆ ಹಲವು ಚೌಕಟ್ಟುಗಳನ್ನು ಹುಡುಕಿ ಜೋಡಿ ತರುವ ಸಾಮರ್ಥ್ಯ ಅದಕ್ಕಿದೆ. ಚೌಕಗಳ ನಡುವಣ ಗೆರೆಗಳನ್ನು ಉಜ್ಜಿ ಮರೆಸುವ ವ್ಯವಸ್ಥೆಯೂ ಅದರೊಳಗೇ ಅಡಗಿದೆ. ಎಂಪೆಗ್-೨ಕ್ಕೆ ಬೇಕಾಗಿದ್ದ ಬಿಟ್ಟುಗಳ ಸುಮಾರು ಅರ್ಧದಲ್ಲಿ ಅದೇ ಗುಣದ ಚಿತ್ರವನ್ನು ಅದು ಕೊಟ್ಟಿತು. ೨೦೦೫ರ ಅಕ್ಟೋಬರಿನಲ್ಲಿ ಚಲಚ್ಚಿತ್ರ ತೋರಿಸುವ ಐಪಾಡ್ ಮಾರುಕಟ್ಟೆಗೆ ಬಂದಾಗ ೩೨೦ ಅಡ್ಡ ೨೪೦ ಬಿಂದು, ಸೆಕೆಂಡಿಗೆ ೭ ಲಕ್ಷ ೬೮ ಸಾವಿರ ಬಿಟ್ಟು ಎಂಬ ಮಿತಿಯೊಳಗೆ ಎಚ್.೨೬೪ನ್ನೇ ಆಡಿಸುತ್ತಿತ್ತು. ಮುಂದೆ ೨೦೧೩ರಲ್ಲಿ ಎಚ್.೨೬೫, ೨೦೧೮ರಲ್ಲಿ ಎವಿ೧ ಬಂದುವು. ಎಚ್.೨೬೫ ಮತ್ತೊಮ್ಮೆ ಭಾರವನ್ನು ಅರ್ಧಕ್ಕಿಳಿಸಿತೆನ್ನಬಹುದು: ಒಂದು ನಿಮಿಷಕ್ಕೆ ೧೩೦ ಮೆಗಾಬೈಟು ಬೇಕಾದಲ್ಲಿ ಸುಮಾರು ೬೦ ಸಾಕಾಗುತ್ತದೆ. ಎವಿ೧ ಅದಕ್ಕೂ ಮುಂದೆ ಹೋಗಿದೆಯಲ್ಲದೆ, ಬಳಸುವವರು ಹಕ್ಕಿನ ಹಣವನ್ನು ತೆರಬೇಕಾಗಿಲ್ಲ.

ಹಾಗಾದರೆ ಎಲ್ಲವನ್ನೂ ಎವಿ೧ನಲ್ಲಿಯೇ ಬರೆದಿಟ್ಟರೆ ಆಯಿತಲ್ಲ? ಆಗದು. ಅಡಕವಾದುದನ್ನು ಬಿಡಿಸುವ ಕೆಲಸ ಸೆಕೆಂಡಿಗೆ ಮೂವತ್ತು ಬಾರಿ ನಡೆಯಬೇಕು. ಅದಕ್ಕೆಂದೇ ಮೊಬೈಲಿನ ಚಿಪ್ಪಿನಲ್ಲಿ ಪ್ರತ್ಯೇಕವಾದ ಒಂದು ವಿದ್ಯುನ್ಮಂಡಲವನ್ನು ಕೆತ್ತಿರುತ್ತಾರೆ. ಅದು ತನಗೆ ಗೊತ್ತಿರುವ ಭಾಷೆಯನ್ನು ಅತ್ಯಲ್ಪ ವಿದ್ಯುತ್ತಿನಿಂದ ಬಿಡಿಸುವುದು. ಗೊತ್ತಿಲ್ಲದ ಭಾಷೆ ಬಂದರೆ ಕೆಲಸ ಸಾಮಾನ್ಯ ಸಂಸ್ಕಾರಕದ ತಲೆಯ ಮೇಲೆ ಬೀಳುವುದು. ಅದು ಕಷ್ಟಪಟ್ಟು ಮಾಡಿದರೂ ಮೊಬೈಲು ಬಿಸಿಯಾಗಿ, ಹೊಸಪೇಟೆಯಲ್ಲಿ ರಾತ್ರಿ ರೈಲು ಹತ್ತಿದವನ ಬ್ಯಾಟರಿ ಬೆಂಗಳೂರು ಮುಟ್ಟುವುದರೊಳಗೆ ಬರಿದಾಗುವುದು. ಹಳೆಯ ಯಂತ್ರವಾದರೆ ಚಿತ್ರ ತಡವರಿಸಿ ನಿಲ್ಲುವುದು, ಅಥವಾ ಏಳುವುದೇ ಇಲ್ಲ. ಒಂದು ಕೊಡೆಕ್ಕಿನಲ್ಲಿಯೂ ಸರಳ, ಕಠಿನ ಎಂಬ ಮಟ್ಟಗಳುಂಟು. ಎಚ್.೨೬೪ರಲ್ಲಿ ಬೇಸ್‌ಲೈನ್ ಎಂಬುದು ಸರಳವಾದುದು, ಹೈ ಎಂಬುದು ಕಠಿನವಾದುದು. ಮುಂದೆ ಬರುವ ಚೌಕಟ್ಟನ್ನೂ ನೋಡಿ ನಡುವಿನದನ್ನು ಊಹಿಸುವ ತಂತ್ರ ಬೇಸ್‌ಲೈನಿನಲ್ಲಿಲ್ಲ. ಆ ಐಪಾಡು ಬಲ್ಲುದು ಬೇಸ್‌ಲೈನನ್ನು ಮಾತ್ರ. ಆದುದರಿಂದ 'ಇದು ಎಚ್.೨೬೪, ನನ್ನ ಯಂತ್ರವೂ ಎಚ್.೨೬೪' ಎಂದಷ್ಟಕ್ಕೇ ನಂಬಿ ಕೂರಬಾರದು.

ಇಷ್ಟನ್ನು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಯಾವ ಯಂತ್ರದಲ್ಲಿ ನೋಡಬೇಕಾಗಿದೆಯೆಂದು ಗೊತ್ತಿಲ್ಲದಾಗ, ಅಥವಾ ಹಲವರ ಹಲವು ಯಂತ್ರಗಳಿಗೆ ಹೋಗಬೇಕಾಗಿರುವಾಗ, ಎಂಪಿ೪ ಲಕೋಟೆಯೊಳಗೆ ಎಚ್.೨೬೪ ಚಿತ್ರ, ಎಎಸಿ ಧ್ವನಿ ಎಂಬುದೇ ಈಗಲೂ ಎಲ್ಲಕ್ಕಿಂತ ಕ್ಷೇಮವಾದ ಜೋಡಿಯೆಂಬುದು ನನ್ನ ಅಭಿಪ್ರಾಯ. ಸ್ವಂತ ಹೊಸ ಮೊಬೈಲಿನಲ್ಲಿ ಮಾತ್ರ ನೋಡುವವರು ಎಚ್.೨೬೫ನ್ನು ಆರಿಸಿ ಅರ್ಧ ಜಾಗವನ್ನು ಉಳಿಸಿಕೊಳ್ಳಬಹುದು. ಎರಡನೆಯದಾಗಿ ಪರದೆಯನ್ನು ನೋಡಬೇಕು. ೨೦೧೭ರಲ್ಲಿ ಬಂದ ಜಿಯೋಫೋನಿನ ಪರದೆ ೩೨೦ ಅಡ್ಡ ೨೪೦ ಬಿಂದುಗಳದು, ಒಟ್ಟು ೭೬,೮೦೦. ೧೯೨೦ ಅಡ್ಡ ೧೦೮೦ರ ಚಿತ್ರದಲ್ಲಿ ಇದರ ಸರಿಯಾಗಿ ೨೭ ಪಾಲು ಬಿಂದುಗಳಿವೆ. ಅಂತಹ ಪರದೆಗೆ ಆ ಚಿತ್ರವನ್ನು ಹಾಕುವುದೆಂದರೆ ೨೭ರಲ್ಲಿ ೨೬ ಪಾಲನ್ನು ಹೊತ್ತು ತಂದು ಬಾಗಿಲಲ್ಲಿ ಎಸೆದಂತೆ.

ಕಡತದ ಗಾತ್ರವನ್ನು ಮುಂಚಿತವಾಗಿ ತಿಳಿಯುವುದೂ ಸುಲಭ. ಸೆಕೆಂಡಿಗೆ ಇಷ್ಟು ಬಿಟ್ಟು ಎಂಬುದನ್ನು ಸೆಕೆಂಡುಗಳಿಂದ ಗುಣಿಸಿ ೮ರಿಂದ ಭಾಗಿಸಿದರೆ ಬೈಟುಗಳು ಬರುವುವು. ಎರಡೂವರೆ ಗಂಟೆಯ ಚಿತ್ರವೆಂದರೆ ೯,೦೦೦ ಸೆಕೆಂಡು. ಚಿತ್ರಕ್ಕೆ ೭ ಲಕ್ಷ ೬೮ ಸಾವಿರ, ಧ್ವನಿಗೆ ೧ ಲಕ್ಷ ೨೮ ಸಾವಿರ ಬಿಟ್ಟು ಕೊಟ್ಟರೆ ಒಟ್ಟು ಸುಮಾರು ೧ ಗಿಗಾಬೈಟು. ಒಂದು ಕಡತ ೪ ಗಿಗಾಬೈಟನ್ನು ಮೀರಿದರೆ ೩೨ ಗಿಗಾಬೈಟು ಮತ್ತು ಅದಕ್ಕಿಂತ ಚಿಕ್ಕ ಕಾರ್ಡುಗಳಲ್ಲಿ ರೂಢಿಯಾಗಿರುವ ವ್ಯವಸ್ಥೆ ಅದನ್ನು ಒಪ್ಪದೆಂಬುದನ್ನೂ ನೆನಪಿಡಬೇಕು; ಕಾರ್ಡಿನಲ್ಲಿ ಜಾಗವಿದ್ದೂ ಕಡತ ಹಿಡಿಯದಿರಲು ಕಾರಣ ಇದೇ.

ಆದರೆ ಬಿಟ್ಟುಗಳ ಒಂದೇ ಮಿತಿಯನ್ನು ಎಲ್ಲ ಚಿತ್ರಗಳಿಗೂ ಹೇರುವುದು ಕಲ್ಲಿಗೂ ನೀರಿಗೂ ಒಂದೇ ಅಳತೆಯ ಬಟ್ಟೆ ಹೊಲಿಸಿದಂತಾಗುವುದು. ಇದಕ್ಕಾಗಿಯೇ ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್ ಮೊದಲಾದ ಉಚಿತ ತಂತ್ರಾಂಶಗಳಲ್ಲಿ ಇನ್ನೊಂದು ದಾರಿಯನ್ನು ಕೊಟ್ಟಿದ್ದಾರೆ. ಗಾತ್ರವನ್ನು ಗೊತ್ತುಮಾಡುವ ಬದಲು ಗುಣವನ್ನು ಗೊತ್ತುಮಾಡುವುದು ಆ ದಾರಿ. ಅಲ್ಲಿ ಒಂದು ಅಂಕವನ್ನು ಕೊಟ್ಟರೆ ತಂತ್ರಾಂಶವೇ ನೀರಿಗೆ ಹೆಚ್ಚು ಬಿಟ್ಟುಗಳನ್ನೂ ಕಲ್ಲಿಗೆ ಕಡಮೆ ಬಿಟ್ಟುಗಳನ್ನೂ ಹಂಚುವುದು. ಎಚ್.೨೬೪ಕ್ಕೆ ೨೩ ಎಂಬುದು ವಾಡಿಕೆಯ ಅಂಕ. ಅಂಕ ಕಡಮೆಯಾದಷ್ಟೂ ಚಿತ್ರ ಉತ್ತಮ. ೬ ಅಂಕ ಏರಿಸಿದರೆ ಕಡತ ಹೆಚ್ಚುಕಡಮೆ ಅರ್ಧವಾಗುವುದು. ಶಾಸನ, ಕಸೂತಿ ಮೊದಲಾದ ಸೂಕ್ಷ್ಮ ವಸ್ತುಗಳಿಗೆ ೧೮ರ ಸುಮಾರಿನಲ್ಲಿರುವುದು ಲೇಸು. ಪಾಠವನ್ನೋ ಭಾಷಣವನ್ನೋ ಕೇಳುವುದಕ್ಕಾದರೆ ೨೮ ಧಾರಾಳವಾಯಿತು.

ಕೊನೆಯದಾಗಿ, ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಹಾನಿಗೆ ಕಾರಣವಾಗುವ ಒಂದು ಅಭ್ಯಾಸವನ್ನು ಹೇಳಲೇಬೇಕು. ಅಡಕವಾದುದನ್ನು ಬಿಡಿಸಿ ಮತ್ತೆ ಅಡಕಮಾಡಿದರೆ, ಮೊದಲ ಸಲ ಸೊನ್ನೆಯಾಗದೆ ಉಳಿದಿದ್ದ ಸಂಖ್ಯೆಗಳಲ್ಲಿಯೂ ಕೆಲವು ಎರಡನೆಯ ಸಲ ಸೊನ್ನೆಯಾಗುವುವು. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದ ಚಲಚ್ಚಿತ್ರ ಹೀಗೆ ಮರು ಅಡಕವಾಗಿಯೇ ಹೊರಡುವುದು. ಅದನ್ನು ತುಂಡರಿಸಿ, ಮೇಲೊಂದು ಬರೆಹವನ್ನು ಅಂಟಿಸಿ, ಇನ್ನೊಬ್ಬರು ಮತ್ತೆ ಕಳುಹಿಸಿದರೆ ಇನ್ನೊಂದು ಸುತ್ತು. ಗೇಟಿನ ನೀರು ಹತ್ತು ಕೈ ದಾಟಿ ನಮ್ಮನ್ನು ತಲಪುವ ವೇಳೆಗೆ ಹಾಗಾದುದು ಆಶ್ಚರ್ಯವಲ್ಲ. ಒಂದು ಬಯಲಾಟ ಮೇಳದ ಹಿರಿಯ ಭಾಗವತರ ಪದಗಳನ್ನು ಚಿತ್ರಿಸಿದವರು, ಜಾಗ ಸಾಲದೆಂದು ಮೂಲವನ್ನು ಅಳಿಸಿ, ಬಂಧುಗಳಿಗೆ ಕಳುಹಿಸಿದ ಪ್ರತಿಯನ್ನೇ ಉಳಿಸಿಕೊಂಡರೆನ್ನಿ. ಆ ಭಾಗವತರು ಕಾಲವಾದ ಮೇಲೆ ಅವರ ಮುಖಭಾವ, ಕೈಬೆರಳುಗಳ ತಾಳ, ವೇಷದ ಕುಸುರಿ ಏನೊಂದನ್ನೂ ಯಾವ ಯಂತ್ರವೂ ಆ ಪ್ರತಿಯಿಂದ ಮರಳಿ ಪಡೆಯಲಾರದು. ಈಚಿನ ಕೃತಕ ಬುದ್ಧಿಯ ತಂತ್ರಾಂಶಗಳು ಮಸುಕು ಮುಖವನ್ನು ಹರಿತಗೊಳಿಸಿ ತೋರಿಸುವುದುಂಟು. ಅವು ತುಂಬುವುದು ಊಹೆಯನ್ನು, ಭಾಗವತರನ್ನಲ್ಲ. ಆದುದರಿಂದ ಕ್ಯಾಮೆರಾ ಬರೆದ ಮೂಲ ಕಡತವನ್ನು ಎರಡು ಕಡೆ ಹಾಗೆಯೇ ತೆಗೆದಿಟ್ಟು, ಜೇಬಿನ ಯಂತ್ರಕ್ಕೆ ಬೇಕಾದ ಪ್ರತಿಯನ್ನು ಯಾವಾಗಲೂ ಆ ಮೂಲದಿಂದಲೇ ತೆಗೆಯಬೇಕು. ಕಳುಹಿಸುವಾಗ ಚಲಚ್ಚಿತ್ರವೆಂದು ಕಳುಹಿಸದೆ ದಾಖಲೆಯೆಂದು ಕಳುಹಿಸಿದರೆ ಕಡತ ಇದ್ದಂತೆಯೇ ಹೋಗುವುದು. ಕೊಡೆಕ್ ಸರಿಯಿದ್ದು ಲಕೋಟೆ ಮಾತ್ರ ಯಂತ್ರಕ್ಕೆ ಒಗ್ಗದಿದ್ದರೆ, ಉದಾಹರಣೆಗೆ ಎಂಕೆವಿಯನ್ನು ಎಂಪಿ೪ ಮಾಡಬೇಕಾದರೆ, ಮರು ಅಡಕದ ಗೊಡವೆಯೇ ಬೇಡ. ಒಳಗಿನ ಕಾಗದವನ್ನು ಮುಟ್ಟದೆ ಲಕೋಟೆಯನ್ನು ಬದಲಾಯಿಸುವ ಸೌಲಭ್ಯ ಎಫ್‌ಎಫ್‌ಎಂಪೆಗ್‌ನಲ್ಲಿ ಇದೆ. ಗಂಟೆಗಳ ಕೆಲಸ ಅರೆನಿಮಿಷದಲ್ಲಿ ಮುಗಿಯುವುದು, ನಷ್ಟವೂ ಇಲ್ಲ.

ಇವನ್ನೆಲ್ಲ ಕಣ್ಣಾರೆ ಕಾಣಬಯಸುವ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಬಹುದು. ಮೊಬೈಲನ್ನು ಅಲುಗದಂತೆ ಕಲ್ಲಿನ ಮೇಲೆ ನಿಲ್ಲಿಸಿ ಇಪ್ಪತ್ತು ಸೆಕೆಂಡು ಕಲ್ಲಿನ ರಥವನ್ನು, ಇಪ್ಪತ್ತು ಸೆಕೆಂಡು ಅಣೆಕಟ್ಟಿನ ಕೆಳಗಣ ಅಥವಾ ಕಾಲುವೆಯ ನೊರೆನೀರನ್ನು ಹಗಲು ಬೆಳಕಿನಲ್ಲಿ ಚಿತ್ರಿಸಿಕೊಳ್ಳಿರಿ. ನೀರಿನಿಂದ ದೂರ ನಿಂತು ಎಂದು ಬೇರೆ ಹೇಳಬೇಕಾಗಿಲ್ಲ. ಎರಡು ಮೂಲ ಕಡತಗಳ ಗಾತ್ರ ಹೆಚ್ಚುಕಡಮೆ ಒಂದೇ ಆಗಿರುವುದು, ಏಕೆಂದರೆ ಮೊಬೈಲು ಸೆಕೆಂಡಿಗೆ ಇಷ್ಟೇ ಬಿಟ್ಟು ಎಂದು ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಈಗ ಎರಡನ್ನೂ ಗಣಕದಲ್ಲಿ ಹಾಕಿ, ಎಚ್.೨೬೪ರಲ್ಲಿ ೨೩ ಎಂಬ ಒಂದೇ ಗುಣಾಂಕದಿಂದ ಅಡಕಮಾಡಿರಿ. ರಥದ ಕಡತ ಕುಗ್ಗಿ ಹೋಗುವುದು. ನೀರಿನದು ಅಷ್ಟಾಗಿ ಕುಗ್ಗದು. ಎರಡರ ಗಾತ್ರಗಳನ್ನು ಭಾಗಿಸಿದರೆ ಬರುವ ಸಂಖ್ಯೆಯೇ, ಕಲ್ಲಿಗಿಂತ ನೀರು ಎಷ್ಟು ಪಾಲು ಹೆಚ್ಚು ಹೊಸ ಸುದ್ದಿಯನ್ನು ಕ್ಷಣಕ್ಷಣವೂ ಹೇಳುತ್ತಿದೆಯೆಂಬುದರ ಅಳತೆ. ಗಾಳಿಗೆ ತೊನೆಯುವ ಕಂಪ್ಲಿಯ ಕಬ್ಬಿನ ಗದ್ದೆಯನ್ನೂ ಹೀಗೆಯೇ ಅಳೆದು, ಅದು ಈ ಎರಡರ ನಡುವೆ ಎಲ್ಲಿ ನಿಲ್ಲುವುದೆಂಬುದನ್ನು ನೋಡಬಹುದು.